ಗೊಂಬೆಗೆ ಹಸಿವಾದ ಸಂಜೆ

ಆಗಿನ ಹೊಳೆ ಅಂದರೆ, ಈ ದಡ ಬಿಟ್ಟ ಕೊಕ್ಕರೆ ಆ ದಡ ಸೇರುವಷ್ಟರಲ್ಲಿ ಮುದಿಯಾಗುತ್ತಿತ್ತು. ಅದನ್ನು ದಿನಕ್ಕೆರಡು ಸಲ ಈಜಿದವನು ನಾನು. ಆ ದಡದಲ್ಲೇ ಯಲ್ಲೋಜಿ ಗುರುಗಳ ಗೊಂಬೆಮನೆ.

ಬೇಸಿಗೆ ರಜೆಯಲ್ಲಿ ಶಾಲೆ ಮೇಷ್ಟ್ರುಗಳು ಅಲ್ಲಿಗೆ ತೊಗಲುಗೊಂಬೆ ಆಟ ಕಲಿಯಲು ಬರುತ್ತಿದ್ದರು. ಕೊನೆಯ ದಿನ ಊರ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಬೇಕು. ಗುರು ಒಪ್ಪಿದರೆ ಒಂದು ಗೊಂಬೆ ಕೊಟ್ಟು ಕಳಿಸುವರು. ಇಲ್ಲವಾದರೆ ಬರಿಗೈ.

ಕೊಟ್ರೇಶ ಮೇಷ್ಟ್ರು ತಮ್ಮ ಶಾಲೆಯ ಮಕ್ಕಳಿಗೆ, ‘ಗೊಂಬೆ ತಂದೇ ತರ್ತೀನಿ’ ಅಂತ ಮಾತು ಕೊಟ್ಟು ಬಂದಿದ್ದರು. ಗುರು ಹೇಳಿದ್ದನ್ನೆಲ್ಲ ಮೂರು ನೋಟ್‌ಬುಕ್ ತುಂಬ ಬರೆದುಕೊಂಡರು.

ಕೊನೆಯ ದಿನ ಮಕ್ಕಳ ಮುಂದೆ ಒಂದು ಗೊಂಬೆ ಎತ್ತಿ ಹಿಡಿದರು.

“ಇದು ಮೇಕೆ ಚರ್ಮ. ಹದ ಮಾಡಿ, ತೂತು ಕೊರೆದು, ಬಣ್ಣ ಹಚ್ಚಿದ್ದು. ಕೀಲು ಎಷ್ಟಿವೆ, ಎಣಿಸಿ.”

ಮುಂದೆ ಕೂತ ಹುಡುಗಿ ಕೇಳಿದಳು: “ಸಾರ್, ಇದು ಉಂಡೈತಾ?”

“ಚರ್ಮ ಉಣ್ಣುತ್ತದೇನಮ್ಮ? ಕೀಲು ಎಣಿಸು.”

ಮಕ್ಕಳು ಆಕಳಿಸಿದರು. ಅವರ ನಡುವೆ ಕೂತಿದ್ದ ನಾನೂ ಆಕಳಿಸಿದೆ. ಆ ಗಾಳಿಗೆ ಹೊಳೆಯಲ್ಲಿದ್ದ ತೆಪ್ಪ ಗರಗರ ತಿರುಗಿತು. ಒಬ್ಬೊಬ್ಬರೇ ಎದ್ದು ನೀರಾಟಕ್ಕೆ ಹೋದರು.

ಗುರು ಆ ಗೊಂಬೆ ಎತ್ತಿಕೊಂಡರು. ಸಂಜೆ ಬಿಳಿ ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿದರು.

ಅದೇ ಗೊಂಬೆ ಪರದೆಯ ಮೇಲೆ ಕೆಂಪಗೆ, ಹಸಿರಗೆ ತೇಲಿ ಬಂತು. ಹೊಟ್ಟೆ ಹಿಡಿದುಕೊಂಡು ಕೂತಿತು.

“ಬೆಳಗಿಂದ ನನ್ನ ಕೀಲು ಎಣಿಸ್ಯಾರೆ” ಅಂದಿತು. “ಉಂಡೆಯಾ ಅಂತ ಕೇಳಿದವಳು ಒಬ್ಬಳೇ.”

ಒದ್ದೆ ಲಂಗದಲ್ಲೇ ಓಡಿ ಬಂದ ಆ ಹುಡುಗಿ ಒಂದು ಹಿಡಿ ಕಡಲೆ-ಮಂಡಕ್ಕಿ ಪರದೆಗೆ ಚಾಚಿದಳು. ದೀಪ ತೂಗಿತು. ಬಣ್ಣದ ಕೈ ಮೆಲ್ಲಗೆ, ನಿದ್ದೆಗಣ್ಣಲ್ಲಿ ಚಾಚಿದಂತೆ, ಅವಳ ಕೈವರೆಗೂ ಬಂತು.

ನಂಬದವರು ನಂಬದೇ ಇರಲಿ. ಅದು ಉಗುಳಿದ ಕಡಲೆ ಸಿಪ್ಪೆ ನನ್ನ ಹೆಗಲ ಮೇಲೇ ಬಿತ್ತು.

“ತಾತ, ಇನ್ನೂ ಬೇಕಂತೆ” ಅಂದಳು ಹುಡುಗಿ, ಪರದೆಯ ಹಿಂದಿದ್ದ ಗುರುಗಳಿಗೆ.

ಮೇಷ್ಟ್ರು ಹಿಂದೆ ಗೋಡೆಗೊರಗಿ ನಿಂತಿದ್ದರು. ನೋಟ್‌ಬುಕ್ ಕೈಜಾರಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಬಂದರು.

“ಹೋಗಿಬರ್ತೀನಿ ಗುರುಗಳೇ. ಗೊಂಬೆ ಕೇಳೋ ಮುಖ ನನಗಿಲ್ಲ. ಮಕ್ಕಳಿಗೆ ನಾನೇ ಏನಾದರೂ ಹೇಳ್ಕೊತೀನಿ.”

“ಕೈಯಲ್ಲೇನು?”

“ರೊಟ್ಟಿ.”

“ನಮ್ಮಡುಗೆ ಸೇರಲಿಲ್ಲವೋ?”

“ಅರ್ಧ ಉಂಡೆ.” ಮೇಷ್ಟ್ರು ತಲೆ ತಗ್ಗಿಸಿದರು. “ಇದು ಗೊಂಬೆಯ ಪಾಲು. ನಿನ್ನೆ ನಾನು ಕೇಳಲೇ ಇಲ್ಲ.”

ಗುರು ರೊಟ್ಟಿ ಬಿಚ್ಚಿ ನೋಡಿದರು. ಒಳಗೆ ಕೆಂಪು ಚಟ್ನಿ. ಎದ್ದು, ಗೋಡೆಯ ಮೇಲಿದ್ದ ಅದೇ ಗೊಂಬೆ ಇಳಿಸಿ ಮೇಷ್ಟ್ರ ತೋಳಲ್ಲಿ ಮಲಗಿಸಿದರು.

“ಖಾರ ಕಡಿಮೆ ಹಾಕಿ ಮೇಷ್ಟ್ರೇ, ಇದಕ್ಕಾಗಲ್ಲ.”