ಕೆಂಚಿಯನ್ನು ಎಬ್ಬಿಸಿದ ಅಡಿವೆಪ್ಪ

ತುಂಬಾ ಹಿಂದೆ, ಎರೆಸೀಮೆಯಲ್ಲಿ ಒಂದೂರು. ಎಷ್ಟು ಹಿಂದೆ ಅಂತ ಕೇಳಬೇಡಿ. ಪೆಟ್ರೋಲು ಬಂದಿತ್ತು, ಡಾಂಬರು ಬಂದಿರಲಿಲ್ಲ, ಅಷ್ಟು ಸಾಕು. ಆ ಊರಲ್ಲಿ ಅಡಿವೆಪ್ಪ ಅಂತ ಒಬ್ಬನಿದ್ದ. ಊರೂರು ತಿರುಗಿ ಹಿಟ್ಟಿನ ಗಿರಣಿಯ ಸವೆದ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಕೊಡುವುದು ಅವನ ಕಸುಬು. ತಿರುಗಲಿಕ್ಕೆ ಎರಡು ಫಟಫಟಿ, ಅಂದರೆ ಮೋಟಾರು ಸೈಕಲ್ಲು. ಹಿರಿಯದು ಕೆಂಚಿ, ಕಿರಿಯದು ಗೌರಿ. ಎರಡನ್ನೂ ಗುಜರಿಯಿಂದ ಎತ್ತಿ ತಂದು ತಾನೇ ಜೀವ ಬರಿಸಿದನಂತೆ. ಅವನ ಶಿಳ್ಳೆಗೆ ಕೆಂಚಿ ತಾನಾಗಿ ಚಾಲೂ ಆಗುತ್ತಿತ್ತಂತೆ. ನಾನೂ ದೇಶ ತಿರುಗಿದವಳು, ಶಿಳ್ಳೆಗೆ ಚಾಲೂ ಆಗುವ ಬಂಡಿ ಎಲ್ಲೂ ಕಂಡಿಲ್ಲ. ಆದರೆ ಊರವರು ಅಂತಾರೆ, ನಾನೂ ಅಂತೇನೆ.

ಎರೆಭೂಮಿ ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ಅಂಟು. ಒಂದು ಹದ ಮಳೆ ಬಿದ್ದರೆ ಸಾಕು, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಗಾಡಿ ನೆಟ್ಟ ಕಂಬವಾಗುತ್ತದೆ. ಅದಕ್ಕೇ ಕಾರಹುಣ್ಣಿಮೆಗೆ ಅಡಿವೆಪ್ಪನ ತಿರುಗಾಟ ಮುಗಿಯುತ್ತಿತ್ತು. ಊರೆಲ್ಲ ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತಿದ್ದರೆ ಇವನು ಕೆಂಚಿ-ಗೌರಿಯರ ಮೈ ತೊಳೆದು, ಹಳೇ ಎಣ್ಣೆ ಇಳಿಸಿ, ಚೈನು ಬಿಚ್ಚಿ ನೆನೆಹಾಕಿ, ಮಡ್‌ಗಾರ್ಡಿನ ಮೇಲೆ ತಾನೇ ಬರೆದ ನವಿಲುಗಳಿಗೆ ಮತ್ತೊಮ್ಮೆ ಬಣ್ಣ ತೀಡಿ, ಕೌದಿ ಹೊದಿಸುತ್ತಿದ್ದ. ಮಹಾನವಮಿಯ ತನಕ ಅವನ್ನು ಎಬ್ಬಿಸುವಂತಿರಲಿಲ್ಲ. ತಾನು ಹೊಲಿದ ಕೌದಿ ಬಂಡಿಗಳ ಪಾಲಾದದ್ದಕ್ಕೆ ಹೆಂಡತಿ ನೀಲವ್ವ ಹಂಗಿಸುತ್ತಿದ್ದಳು: "ಅಲಾ ಇವನಾ, ಸವತ್ಯಾರಿಗೆ ಕೌದಿ, ನನಗ ಚಾಪಿ!" ಗಂಡ ನಗುತ್ತಿದ್ದನಂತೆ. ಕೌದಿ ಮಾತ್ರ ತೆಗೆಯುತ್ತಿರಲಿಲ್ಲವಂತೆ.

ಒಂದು ವರ್ಷ ಮಣ್ಣೆತ್ತಿನ ಅಮಾವಾಸ್ಯೆ. ಮೂರು ದಿನದ ಮಳೆ ಆಗಷ್ಟೇ ನಿಂತಿತ್ತು. ಎತ್ತು ಮಾಡಲಿಕ್ಕೆ ಮಣ್ಣು ತರಲು ಹಳ್ಳಕ್ಕೆ ಹೋದ ನೆರೆಮನೆಯ ಶಾವಂತ್ರೆವ್ವನ ಕೈಗೆ ಹಾವು ಕಚ್ಚಿತು. ದವಾಖಾನೆ ಮೂರು ಹರದಾರಿ ದೂರ. ಚಕ್ಕಡಿ ಹೂಡಿದರೆ ಅದು ಊರ ಅಗಸಿಬಾಗಿಲು ದಾಟುವುದರೊಳಗೆ ಅಚ್ಚಿನವರೆಗೆ ಹೂತಿತು. ಊರೆಲ್ಲ ಅಡಿವೆಪ್ಪನ ಬಾಗಿಲಿಗೆ ಬಂದು ನಿಂತಿತು. ಅಡಿವೆಪ್ಪ ಕೌದಿಯ ಮೇಲೆ ಕೈಯಿಟ್ಟು ನಿಂತ. ಈ ಕೆಸರಿಗೆ ಇಳಿಸಿದ ಬಂಡಿ ತಿರುಗಿ ಬರುವುದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ನೀಲವ್ವನೇ ಅಂದಳು: "ನಿಂತ ಏನ್ ನೋಡತಿ? ಸವತಿ ನನಗ, ಶಾವಂತ್ರೆವ್ವಗಲ್ಲ. ಎಬ್ಬಸು!"

ಪ್ರೀತಿ ಹೆಚ್ಚು ಕೆಂಚಿಯ ಮೇಲೆ. ನಂಬಿಕೆಯೂ ಅದರ ಮೇಲೇ. ಅದರ ಕೌದಿಯನ್ನೇ ಎಳೆದ. ಒಂದೆಲೆ ಅಡಿಕೆ ಅಗಿಯುವಷ್ಟರಲ್ಲಿ ಚೈನು ಏರಿಸಿ ಎಣ್ಣೆ ತುಂಬಿದನಂತೆ. ನಡುವೆ ಶಾವಂತ್ರೆವ್ವ, ಅವಳನ್ನು ತಬ್ಬಿ ಹಿಡಿದು ಹಿಂದೆ ನೀಲವ್ವ, ಅಲ್ಲಿಯವರೆಗೆ ಒಮ್ಮೆಯೂ ಹತ್ತದವಳು.

ನೂರು ಮಾರು ಹೋಗುವಷ್ಟರಲ್ಲಿ ಗಾಲಿ ಕಟ್ಟಿತು. ಕೆತ್ತಿದ, ಹೊರಟ. ಮತ್ತೆ ಕಟ್ಟಿತು. ಮೂರನೇ ಸಲ ಪಾನಾ ತೆಗೆದು, ನವಿಲಿನ ಮಡ್‌ಗಾರ್ಡ್ ಎರಡನ್ನೂ ಬಿಚ್ಚಿ ಹೊಲಕ್ಕೆ ಎಸೆದ. ಕೆಸರು ಮೂವರ ಮುಖಕ್ಕೂ ಹಾರಿತು, ಗಾಲಿ ತಿರುಗಿತು. ಹೊಲದ ಹೆಂಗಸರು ಕಳೆ ತೆಗೆಯುವ ಕುರ್ಪಿ ಹಿಡಿದು ಓಡಿಬಂದು ಉಳಿದ ಮಣ್ಣು ಕೆತ್ತಿದರಂತೆ. ಕೆಂಚಿ ನರಳುತ್ತ, ಹೊಗೆ ಕಾರುತ್ತ, ದವಾಖಾನೆಯ ಮೆಟ್ಟಿಲ ತನಕ ಹೋಗಿ ನಿಂತಳು. ಶಾವಂತ್ರೆವ್ವ ಬದುಕಿದಳು. ಕೆಂಚಿ ಮತ್ತೆ ಏಳಲಿಲ್ಲ.

ಅಡಿವೆಪ್ಪ ಮೂರು ದಿನ ಅವಳ ಪಕ್ಕ ಉಪವಾಸ ಕೂತಿದ್ದ ಅಂತಾರೆ. ಒಂಬತ್ತು ದಿನ ಅನ್ನುವವರೂ ಇದ್ದಾರೆ. ಮುದುಕಿಯಾದ ಮೇಲೆ ನೀಲವ್ವ ಹೇಳುತ್ತಿದ್ದದ್ದೇ ಬೇರೆ: "ಎಲ್ಲೀ ಮೂರ್ ದಿನಾ? ಒಂದ್ ಸಂಜಿ ಕುಂತಿದ್ದ. ಎರಡ್ ಸಲ ಚಾ ಕುಡದ, ಅಷ್ಟ. ಮನಿಗೆ ಬಂದು ಕೌದಿ ಮಡಚಿ ನನ್ನ ಕೈಗೆ ಕೊಟ್ಟ. ನಾ ಹೊತಗೊಳ್ಳಲಿಲ್ಲವ್ವಾ."

ಮರುವರ್ಷದ ಅಮಾವಾಸ್ಯೆಗೆ ಶಾವಂತ್ರೆವ್ವ ಜೋಡಿ ಮಣ್ಣೆತ್ತಿನ ಪಕ್ಕ ಒಂದು ಮಣ್ಣಿನ ಫಟಫಟಿ ಮಾಡಿಟ್ಟಳು. ಆಮೇಲೆ ಓಣಿ ಮಾಡಿತು, ಆಮೇಲೆ ಊರು. ಡಾಂಬರು ಬಂದು, ಮನೆಗೊಂದು ಗಾಡಿ ಬಂದರೂ ಇವತ್ತಿಗೂ ಮಾಡುತ್ತಾರೆ. ಕಡುಬಿನ ಎಡೆ ಮೂರಕ್ಕೂ ಸಮ. ಎತ್ತುಗಳಿಗೆ ಜೋಳದ ಕಾಳಿನ ಎರಡೆರಡು ಕಣ್ಣು. ಕೆಂಚಿಗೆ ಒಂದೇ, ದೀಪದ ಜಾಗದಲ್ಲಿ.