ಪದದ ಕೊನೆಯ ಹೆಸರು

ಮಧ್ಯಾಹ್ನ ಅಡಿವೆಪ್ಪ ಹೊಳೆದಂಡೆಯ ಮಠಕ್ಕೆ ಓಡಿಬಂದ. ಕುಳಿತ. ಎದ್ದ. ಮತ್ತೆ ಚಾಪೆಯ ಮೇಲೆ ಕುಳಿತ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. "ಚಾಪಿಯೊಳಗ ಇರುವಿ ಅದಾವೇನೋ?"

"ತಪ್ಪಾಗೇತ್ರಿ ಅಜ್ಜಾರ."

ಒಂಬತ್ತು ವರ್ಷದಿಂದ ಅವನು ಊರ ಒಡೆಯರಾದ ದೇಸಾಯರಿಗೆ ತತ್ವಪದ ಬರೆದುಕೊಡುತ್ತಿದ್ದ. ಪದದ ಕೊನೆಯಲ್ಲಿ ಬರೆದವರ ಹೆಸರು ಬರಬೇಕು, ಅದು ರೂಢಿ. ಅಲ್ಲಿ ಅವನು ದೇಸಾಯರ ಹೆಸರು ಹಾಕುತ್ತಿದ್ದ. ಜನ ಅವನ್ನು ದೇಸಾಯರ ಪದಗಳೆಂದೇ ಹಾಡುತ್ತಿದ್ದರು. ಅವನೂ ಜೊತೆಗೆ ಕುಳಿತು ತಾಳ ಹಾಕುತ್ತಿದ್ದ. ಇದನ್ನು ಗುರುಗಳಿಗೂ ಹೇಳಿರಲಿಲ್ಲ.

ಈಗ ಎಲ್ಲ ಹೇಳಿದ. ಆದರೆ ಅವನು ಓಡಿಬಂದದ್ದು ಅದಕ್ಕಲ್ಲ.

"ಅವ್ವಗ ಕಾಗದ ಬರದಿದ್ದೆ. ಕೈ ರೂಢಿ ನೋಡ್ರಿ, ಕಡೀಕ ದೇಸಾಯರ ಹೆಸರ ಹಾಕೀನಿ."

ಹೊಳೆಯಾಚೆಯ ಊರಲ್ಲಿರುವ ತಾಯಿಗೆ ಕಣ್ಣು ಕಾಣುವುದಿಲ್ಲ. ಕಾಗದವನ್ನು ನೆರೆಮನೆಯವರು ಓದಿ ಹೇಳಿದ್ದರು. ಕೇಳಿದಾಗಿನಿಂದ ಆಕೆ ಊಟ ಬಿಟ್ಟಿದ್ದಳು. ನೆರೆಯವರು ನಿಜವೇನೆಂದು ಕೇಳಿ ಆ ಕಾಗದವನ್ನೇ ಅವನಿಗೆ ತಿರುಗಿ ಕಳಿಸಿದ್ದರು.

ಗುರುಗಳು ಅದನ್ನು ಬಿಡಿಸಿ ಓದಿದರು. "ದುಃಖ ಮಾಡಬೇಡ ತಾಯೀ. ಈ ದೇಹ ನೀರ ಮೇಲಿನ ಗುಳ್ಳೆ." ಕೆಳಗೆ ದೇಸಾಯರ ಹೆಸರು.

"ಯಾಕ ಬರದಿ ಇದನ್ನ?"

"ಅವ್ವಗ ಮೊಣಕಾಲ ನೋವಿತ್ರಿ."

"ಮೊಣಕಾಲಿಗೆ ಇಷ್ಟು ಬರದ್ಯಾ?"

"ಪದದ ಮಾತ ಬಿಟ್ರ ಬ್ಯಾರೆ ಬರ್ಲಿಲ್ರಿ. ಮಗ ಸತ್ತಾನ, ಅದಕ್ಕ ದೇಸಾಯರು ಸಮಾಧಾನ ಹೇಳ್ಯಾರ ಅಂತ ತಿಳಕೊಂಡಾಳ. ನಾ ಜೀವಂತ ಅದೀನಲ್ರಿ."

"ನಾ ಅಂದ್ರ ಯಾರು?"

ಅಡಿವೆಪ್ಪ ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡ.

"ಇನ್ನೊಂದು ಕಾಗದ ಬರೀತೀನ್ರಿ. ಸರಿಯಾಗಿ, ಎಲ್ಲಾ ಬಿಡಿಸಿ."

ಗುರುಗಳು ಅವನ ಜೇಬಿನಿಂದ ಪೆನ್ನು ತೆಗೆದು ಅವರೆಸಿಪ್ಪೆಯ ಬುಟ್ಟಿಗೆ ಹಾಕಿದರು.

"ದೋಣಿ ಕರಿ."

ಅಡಿವೆಪ್ಪ ನೀರಿನ ಅಂಚಿಗೆ ಹೋಗಿ ಕೂಗಿದ. ಆಚೆ ದಡದಲ್ಲಿ ಅಂಬಿಗ ದ್ಯಾಮಣ್ಣ ಬಂಡೆಯ ಮರೆಗೆ ಮಲಗಿದ್ದ. ಕೂಗಿದವನು ಅವನಿಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿತು. ಗಡಬಡಿಸಿ ಎದ್ದು ರುಮಾಲು ಸುತ್ತಿಕೊಂಡ.

"ಬಂದ್ನಿರೀ ದೇಸಾಯ್ರ!"

ಅಡಿವೆಪ್ಪ ಹಿಂದೆ ಸರಿದ. ಒಂಬತ್ತು ವರ್ಷ ದೇಸಾಯರ ಎದುರು ಕುಳಿತು, ಅವರಿಗೆ ಒಪ್ಪುವ ಹಾಗೆ ಅವರ ಧಾಟಿಯಲ್ಲೇ ಪದ ಓದಿ ತೋರಿಸಿದ್ದ. ಆ ಧಾಟಿ ಗಂಟಲಲ್ಲೇ ಉಳಿದುಬಿಟ್ಟಿತ್ತು.

"ಕೇಳಿದಿರೇನ್ರಿ ಅಜ್ಜಾರ? ದನೀನೂ ಅವರದಾಗೇತಿ. ಬಾಗಿಲಾಗ ನಿಂತು ಅವ್ವಾ ಅಂದ್ರ, ಕಣ್ಣಿಲ್ಲದಾಕಿ ನನ್ನ ಯಾರು ಅಂತಾಳ?"

ದೋಣಿ ನಡುಹೊಳೆ ದಾಟಿತು. ಅವನು ಒಮ್ಮೆ ದೋಣಿಯತ್ತ, ಒಮ್ಮೆ ಮಠದತ್ತ ನೋಡಿದ. ಕಾಲುಗಳು ಎರಡೂ ಕಡೆ ಎಳೆಯುತ್ತಿದ್ದವು.

ಗುರುಗಳು ಅವನ ಭುಜ ಹಿಡಿದು ದೋಣಿಯ ಕಡೆ ತಿರುಗಿಸಿದರು.

"ನೀ ಮಾತಾಡಬ್ಯಾಡ. ಮುಖ ಆಕೀ ಕೈಯಾಗ ಕೊಡು. ಹೆಸರ ಆಕೀನ ಹೇಳ್ಲಿ."