ಅಳಿಲಿನ ಬುಟ್ಟಿಗೆ ಬಿದ್ದ ಮುದ್ರೆ

ಬಿರುಗಾಳಿಗೆ ಆಲದ ಮರ ಉರುಳಿ, ಅದರಲ್ಲಿದ್ದ ತಾಯಿಗಿಳಿಯ ರೆಕ್ಕೆ ಮುರಿಯಿತು. ಮರಿಗಳು ಹಸಿವಿನಿಂದ ಕೂಗುವುದನ್ನು ಕೇಳಲಾರದೆ ನೆರೆಯ ಅಳಿಲು ಬುಟ್ಟಿ ಹಿಡಿದು ಸಂತೆಗೆ ಓಡಿತು. "ಗಿಳಿಮರಿಗಳಿಗೆ ಕಾಳು ಕೊಡಿ, ಬೇಗ ಕೊಡಿ!" ಎಂದು ಕೂಗಿತು. ಬುಟ್ಟಿಗೆ ಒಂದಿಷ್ಟು ಕಾಳು ಬಿತ್ತು. ಎದುರು ಮೂಲೆಯಲ್ಲಿ ಹೆಗ್ಗಣವೂ ಚೀಲ ಹಿಡಿದು, ಅದೇ ಮರಿಗಳ ಹೆಸರು ಹೇಳಿ ಬೇಡುತ್ತಿತ್ತು.

ಪಂಚಾಯಿತಿಯ ಕಾವಲುನಾಯಿ ಇಬ್ಬರನ್ನೂ ತಡೆಯಿತು. "ಸಂತೆಯಲ್ಲಿ ಚಂದಾ ಎತ್ತಲು ಪರವಾನಗಿ ಬೇಕು."

"ಧರ್ಮದ ಕೆಲಸಕ್ಕೂ ಪರವಾನಗಿಯೇ?" ಎಂದು ಹೆಗ್ಗಣ ನಕ್ಕಿತು.

"ಮರಿಗಳು ಸಾಯುತ್ತಿವೆ, ನಾಯಣ್ಣ!" ಎಂದು ಅಳಿಲು ಸಿಟ್ಟಿನಿಂದ ಕುಣಿದಾಡಿತು.

ನಾಯಿ ಜಗ್ಗಲಿಲ್ಲ. "ನೀವಿಬ್ಬರೂ ಕಾಳು ಬಚ್ಚಿಡುವವರೇ. ಜನ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆಂದು ತೋರಿಸಿ, ಪರವಾನಗಿ ಈಗಲೇ ಕೊಡುತ್ತೇನೆ."

ಅಳಿಲಿನ ಕಣ್ಣು ಹೊಳೆಯಿತು. "ಹಾಗಾದರೆ ಬನ್ನಿ, ಎಲ್ಲರೂ ಬನ್ನಿ!" ಎಂದು ಬುಟ್ಟಿ ಹೊತ್ತು ಓಡಿತು. ಅದರ ಹಿಂದೆ ನಾಯಿ ಓಡಿತು, ನಾಯಿಯ ಹಿಂದೆ ಹಸು, ಕುರಿ, ಕೋಳಿಗಳೆಲ್ಲ ಓಡಿದವು. ಹೆಗ್ಗಣ ಮಾತ್ರ "ನನಗೆ ಕಾಲುನೋವು" ಎನ್ನುತ್ತ ಚೀಲದೊಡನೆ ಬಿಲದತ್ತ ಜಾರಿತು. ಅದನ್ನು ಕಂಡ ಹುಂಜ ಚೀಲ ಕಸಿದುಕೊಂಡು ಓಟಕ್ಕೆ ಸೇರಿತು.

ಉರುಳಿದ ಆಲದ ಬಳಿ ಮರಿಗಳು ಬಾಯಿ ತೆರೆದು ಕಾದಿದ್ದವು. ಅಳಿಲು ಬುಟ್ಟಿಯಲ್ಲಿದ್ದ ಕಾಳನ್ನೆಲ್ಲ ತಾಯಿಗಿಳಿಯ ಮುಂದೆ ಸುರಿಯಿತು. ನಾಯಿ ತನ್ನ ಪಂಜವನ್ನು ಕೆಸರಿನಲ್ಲಿ ಅದ್ದಿ, ಖಾಲಿ ಬುಟ್ಟಿಯ ಮೇಲೆ ಮುದ್ರೆ ಒತ್ತಿತು.

"ಈಗ ಧೈರ್ಯವಾಗಿ ಕೂಗು" ಎಂದಿತು.

ಅಳಿಲು ಬಾಯಿ ತೆರೆಯುವ ಮೊದಲೇ ಹುಂಜ ಸುರಿದ ಚೀಲದ ಕಾಳಿನಿಂದ ಬುಟ್ಟಿ ತುಂಬಿತ್ತು.